ಮೇಲ್‌ಗೆ ಹಚ್ಚಿದ ಬಾಲ

ಹಳಿಯಾಳ ಬಸ್ ಸ್ಟ್ಯಾಂಡಿನ ಎದುರಿಗೆ ಕಂಪ್ಯೂಟರ್ ಇಟ್ಕೊಂಡು ಕುಂತವರು ನಗೂ ಪ್ರಸಂಗ ಹುಡುಕ್ಕೊಂಡು ಹೋಗೂ ಜರೂರ ಇಲ್ಲ. ಅವು ಆಧಾರ್ ಕಾರ್ಡು, ಎರಡು ಫೋಟೋ ಹಿಡಕೊಂಡು ತಾವ ಬಂದು ಪಾಳೇಕ ನಿಲ್ತಾವ. ನಂದೊಂದು ಆನ್‌ಲೈನ್ ಸೆಂಟರ್ ಐತಿ. ಅರ್ಜಿ ತುಂಬೂದು, ಪ್ರಿಂಟ್ ತಗಿಯೂದು, ಝೆರಾಕ್ಸ್ ಮಾಡೂದು, ಗಿರಾಕಿಗಳನ್ನ ಬೈಯೂದು. ಕಡೀದೊಂದು ಪುಕ್ಕಟೆ.

ಬಾಲದ ವಿಚಾರ ಮೊದಲ ಹೇಳಿಬಿಡ್ತೇನಿ. ಇಮೇಲ್ ವಿಳಾಸದಾಗ ನಿಮ್ಮ ಹೆಸರಿನ ಮುಂದ ಒಂದು ಪ್ಲಸ್ ಚಿಹ್ನೆ ಹಾಕಿ, ಅದರ ಮುಂದ ಬೇಕಾದ ಶಬ್ದ ಬರೀರಿ, ಪತ್ರ ನಿಮ್ಮ ಪೆಟ್ಟಿಗೀಗೇ ಬಂದು ಬೀಳತೈತಿ. ಗ್ಯಾಸಿನವರಿಗೆ ಕೊಡೂ ಮುಂದ ಪ್ಲಸ್ ಗ್ಯಾಸ್, ಬ್ಯಾಂಕಿನವರಿಗೆ ಪ್ಲಸ್ ಬ್ಯಾಂಕ್. ಒಂದ ಮನಿಗೆ ಹತ್ತು ಬಾಗಿಲಾ ಇಟ್ಟಂಗ. ಯಾರಾದ್ರೂ ನಮ್ಮ ವಿಳಾಸ ಮತ್ತೊಬ್ಬರಿಗೆ ದಾಟಿಸಿದ್ರ, ಬಾಲ ನೋಡಿ ಕಳ್ಳನ್ನ ಹಿಡೀಬಹುದು. ಈ ವಿದ್ಯಾ ಕಲತ ಮ್ಯಾಲ ನನಗ ಎರಡು ಕೋಡು ಮೂಡಿದಂಗ ಆತು. ಸ್ವಂತ ಮೇಲ್ ಇಲ್ಲದ ಗಿರಾಕಿಗಳಿಗೂ ಅಂಗಡಿ ಮೇಲಿಗೇ ಒಂದೊಂದು ಬಾಲ ಹಚ್ಚಿ ಕೊಡಾಕ ಸುರು ಮಾಡಿದೆ. ಯಾರ ಬಾಲ ಯಾವುದು ಅಂತ ನೆನಪಿರ್ಲಿ ಅಂತ, ಅವರವರ ಸ್ವಭಾವದ ಹೆಸರನ್ನ ಬಾಲಕ್ಕ ಇಡತಿದ್ದೆ. ನನ್ನ ನಾಲಿಗಿ ಮೊದಲ ಚೂಪು. ಕೀ ಒತ್ತೂ ಬೆರಳೂ ಅದರ ಕೂಡ ಕೂಡಿ ಕೆಟ್ಟಿದ್ವು.

೧. ನಡುವ ಒಂದು ಖುರಿಸ್

ಒಂದು ಸಂತಿ ದಿನ ಒಬ್ಬಾಕಿ ಸಿದ್ದಿ ಹೆಣ್ಣಮಗಳು ಬಂದ್ಳು. ಹಳಿಯಾಳದಿಂದ ಕಾಡಿನ ಕಡೆ ಒಂದು ತಾಸಿನ ಹಾದಿ ಆಕಿ ಊರು. ಕಬ್ಬು ಕಡಿಯೂ ಕೂಲಿ ಮಾಡಿಕೋತ, ಮದವಿಯಾಗಿ ಎರಡು ಮಕ್ಕಳಾದ ಮ್ಯಾಲ ಪಿಯುಸಿ ಪಾಸ್ ಮಾಡಿದಾಕಿ. ಮುಂಡಗೋಡ ಕಡೆ ಒಂದು ವಸತಿ ಶಾಲಿಗೆ ಹುಡುಗ್ಯಾರನ್ನ ನೋಡಿಕೊಳ್ಳೂ ಮೇಲ್ವಿಚಾರಕಿ ಬೇಕಾಗಿದ್ರು.

“ಇದ ಕಡೀದರಿ ಅಕ್ಕಾರ” ಅಂದ್ಳು. “ಮುಂದಿನ ವರ್ಷ ನನ್ನ ವಯಸ್ಸು ಮೀರತೈತಿ. ಆಮ್ಯಾಲ ಅರ್ಜಿನೂ ತಗೊಳ್ಳೂದಿಲ್ಲ. ಸಂದರ್ಶನಕ್ಕ ಕರಿಯೂ ಪತ್ರ ಮೇಲಿನ್ಯಾಗ ಅಷ್ಟ ಬರತೈತೆಂತ. ಒಂದಕ್ಷರ ತಪ್ಪಬಾರ್ದು ನೋಡ್ರಿ.”

ಒಂದಕ್ಷರ ತಪ್ಪಬಾರ್ದು ಅಂತ ಪ್ರತಿ ಕಾಲಂ ಮೂರು ಮೂರು ಸಲ ಓದಿಸಿದ್ಳು. ಅಪ್ಪನ ಹೆಸರು ನಾಕ ಸಲ. ಹಿಂದ ಪಾಳೇದಾಗ ಏಳು ಮಂದಿ ನಿಂತು ಗೊಣಗಾಕ ಹತ್ತಿದ್ರು. ಇಮೇಲ್ ಕಾಲಂ ಬರೂದ್ರಾಗ ನನ್ನ ತಲಿ ಕೆಟ್ಟು ಮೊಸರಾಗಿತ್ತು. ಅಂಗಡಿ ಹೆಸರು, ಪ್ಲಸ್, ಅದರ ಮುಂದ ಇಂಗ್ಲಿಷ್ ಅಕ್ಷರದಾಗ ‘ಕಾಟ’ ಅಂತ ಒತ್ತಿಬಿಟ್ಟೆ. ಕೆ, ಎ, ಎ, ಟಿ, ಎ.

ಆಕಿ ಪರದೆಕ್ಕ ಮಾರಿ ಹಚ್ಚಿ ನೋಡಿದ್ಳು. ಸಿಕ್ಕಿಬಿದ್ದೆ ಅಂದ್ಕೊಂಡೆ. ಆದ್ರ ಆಕಿ ಬಟ್ಟು ಇಟ್ಟದ್ದು ಪ್ಲಸ್ ಚಿಹ್ನೆ ಮ್ಯಾಲ.

“ಅಯ್ಯ, ನಡುವ ಖುರಿಸ್ ಐತಲ್ರೀ!”

ಆಕಿ ಕಿರಿಸ್ತಾಂವ ಮನಿಯಾಕಿ. ಮನ್ಯಾಗ ಆಡೂ ಕೊಂಕಣಿಯೊಳಗ ಖುರಿಸ್ ಅಂದ್ರ ಶಿಲುಬಿ. “ಖುರಿಸ್ ನಡುವ ನಿಂತೈತಿ ಅಂದ್ರ ಪತ್ರ ಹಾದಿ ತಪ್ಪೂದಿಲ್ಲ ಬಿಡ್ರಿ” ಅಂತ ಹಣಿ, ಎದಿ, ಭುಜ ಮುಟ್ಕೊಂಡು ಕಂಪ್ಯೂಟರಿಗೆ ಕೈ ಮುಗದ್ಳು. ನಾ ಲಗೂನ ಪ್ರಿಂಟ್ ತಗದು ಕೊಟ್ಟೆ.

ಹಿಂದ ನಿಂತಿದ್ದ ಅಜ್ಜ ಕೇಳಿದ: “ಯಾಕವಾ, ಈ ಯಂತ್ರಕ್ಕ ಕಾಯಿನೂ ಒಡಸಬೇಕೇನು? ನಾ ಬರೇ ಕೈಲೆ ಬಂದೀನಿ.”

ಅವತ್ತಿಂದ ಪ್ರತಿ ಸಂತಿ ದಿನ ಬಾಗಿಲದಾಗ ಆಕಿ ದನಿ: “ಬಂತೇನ್ರಿ ಅಕ್ಕಾರ, ನನ್ನ ಪತ್ರ?”

೨. ಬೀಗರಿಗೆ ಕೊಟ್ಟದ್ದು

ಪ್ಯಾಟ್ಯಾಗ ಒಂದು ಸೀರಿ ಅಂಗಡಿಯವರು ಸೀರಿ ತಗೊಂಡವರಿಗೆಲ್ಲಾ ಬಹುಮಾನದ ಚೀಟಿ ಎತ್ತತೇವಿ ಅಂತ ಮೇಲ್ ವಿಳಾಸ ಬರಿಸಿಕೊಂಡ್ರು. ನಾ ಬಿಡ್ತೇನೇನು, ಬಾಲ ಹಚ್ಚಿದ್ದನ್ನ ಕೊಟ್ಟೆ. ಸೀರಿಗೆ ಇಂಗ್ಲಿಷಿನ್ಯಾಗ ಬರೀತಾರಲ್ಲ, ಎಸ್, ಎ, ಆರ್, ಐ, ಅದ ಬಾಲ.

ಚೀಟಿ ನನಗ ಹತ್ತಲಿಲ್ಲ. ಹದಿನೈದು ದಿನಕ್ಕ ಟ್ರ್ಯಾಕ್ಟರ್ ತಗೊಳ್ರಿ ಅಂತ ಪತ್ರ ಬರಾಕ ಹತ್ತಿದ್ವು. ದಿನಾ ಎರಡು. ನೋಡಿದ್ರ ಸೀರಿ ಬಾಲಕ್ಕ ಬಂದಾವ! ಸಿಕ್ಕ ಬಿದ್ದ ಮಗ ಅಂತ ಪತ್ರದ ಪ್ರಿಂಟ್ ತಗೊಂಡು ನೆಟ್ಟಗ ಅಂಗಡಿಗೆ ಹೋದೆ. ಮಾಲಕ ಗಾದಿ ಮ್ಯಾಲ ಕುಂತು ಇಳಕಲ್ ಸೀರಿ ಮಡಚಾಕ ಹತ್ತಿದ್ದ.

“ಏನ್ರೀ, ನನ್ನ ವಿಳಾಸ ಟ್ರ್ಯಾಕ್ಟರಿನವರಿಗೆ ಮಾರೀರಲ್ಲ?”

“ಶಿವನಾಣಿ ಮಾರಿಲ್ರೀ ಅಕ್ಕಾರ.”

“ಮತ್ತ ಇದೇನು? ಈ ಬಾಲ ನಿಮಗ ಬಿಟ್ಟು ಯಾರಿಗೂ ಕೊಟ್ಟಿಲ್ಲ ನಾ.”

ಅವ ಪ್ರಿಂಟ್ ಹಿಂದ ಮುಂದ ತಿರುವಿ ನೋಡಿ, ಮಾರಿ ಅರಳಿಸಿ ನಕ್ಕ. “ಓಹೋ, ಈ ಟ್ರ್ಯಾಕ್ಟರ್ ಅಂಗಡಿ ನಮ್ಮ ಬೀಗರದರಿ. ಕೇಳಿದ್ರು, ಕೊಟ್ಟೆ. ಹೆಣ್ಣ ಕೊಟ್ಟೀವಿ ಅಂದ ಮ್ಯಾಲ, ವಿಳಾಸ ಕೊಡಾಕ ಏನ ಜಿಪುಣತನ ಮಾಡೂದ್ರಿ?”

ನನ್ನ ಅಂಗಡಿಗೆ ತಿರುಗಿ ಬಂದು, ಎಸ್ ಎ ಆರ್ ಐ ಬಾಲದ ಪತ್ರೆಲ್ಲಾ ತಾವ ಕಸದ ಬುಟ್ಟಿಗೆ ಹೋಗಲಿ ಅಂತ ಕಂಪ್ಯೂಟರಿಗೆ ಹೇಳಿಟ್ಟೆ. ಇದು ಮುಂದ ನನ್ನ ಕಾಲಿಗೇ ತೊಡರಿಕೊಂಡಿತು.

೩. ಉಳ್ಳಾಗಡ್ಡಿಯವರ ಸಿಟ್ಟು

ಹಣಿ ತುಂಬ ವಿಭೂತಿ ಹಚ್ಚಿದ, ಕಬ್ಬು ಬೆಳಿಯೂ ಯಜಮಾನ್ರು ಒಬ್ಬರು ಬಂದ್ರು. ಕಿಸೆದಾಗ ಮಗಳು ಕೊಡಿಸಿದ ಹೊಸ ಫೋನು, ಅದರಾಗ ಅವರದ ಸ್ವಂತ ಮೇಲ್ ಇತ್ತು. ನಾ ಶಾಣ್ಯಾತನ ತೋರಸಾಕ ಹೋದೆ.

“ಕಾಕಾ, ಒಂದ ವಿಳಾಸ ಎಲ್ಲಾ ಕಡೆ ಕೊಡಬ್ಯಾಡ್ರಿ. ಗ್ಯಾಸಿಗೊಂದು, ಬ್ಯಾಂಕಿಗೊಂದು, ಫ್ಯಾಕ್ಟರಿಗೊಂದು ಅಡ್ಡಹೆಸರು ಇಟ್ಕೊಳ್ರಿ.”

ನಮ್ಮ ಕಡೆ ಅಡ್ಡಹೆಸರು ಅಂದ್ರ ಮನೆತನದ ಹೆಸರು ಅನ್ನೂದು ಆ ಹೊತ್ತಿನ್ಯಾಗ ನನ್ನ ತಲಿಗೆ ಹೊಳೀಲಿಲ್ಲ. ಕಾಕಾನ ಮಾರಿ ಕೆಂಪಗಾತು.

“ಏನಂದಿ ತಂಗಿ? ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ನಮ್ಮಪ್ಪಂದೂ ಉಳ್ಳಾಗಡ್ಡಿ, ನಮ್ಮ ಮುತ್ತ್ಯಾಂದೂ ಉಳ್ಳಾಗಡ್ಡಿ. ಗ್ಯಾಸಿಗೊಂದು ಬ್ಯಾಂಕಿಗೊಂದು ಅಡ್ಡಹೆಸರು ಬದಲಿ ಮಾಡಾಕ ನನ್ನ ಏನ ಪೊಲೀಸರು ಹುಡುಕಾಕ ಹತ್ಯಾರೇನು?”

ಪತ್ರ ಕೇಳಾಕ ಬಂದು ಬೆಂಚಿನ ಮ್ಯಾಲ ಕುಂತಿದ್ದ ಆ ಸಿದ್ದಿ ಹೆಣ್ಣಮಗಳು, ನಮ್ಮ ಸಂತಿ ದಿನದ ಬಾಯಿ, ಸೆರಗು ಮಾರಿಗೆ ಹಿಡಕೊಂಡು ನಕ್ಕಳು. “ನೀವ ಪುಣ್ಯವಂತ್ರು ಕಾಕಾ. ನಮಗ ಅಡ್ಡಹೆಸರ ಇಲ್ರೀ. ಊರಿಗೆ ಊರ ಸಿದ್ದಿ ಅಂತ ಬರೀತಾರ” ಅಂದ್ಳು.

ನಾ ಕಾಕಾನ ಸಮಾಧಾನ ಮಾಡಿದೆ. “ಅಡ್ಡಹೆಸರಲ್ರೀ, ತಪ್ಪಿ ಅಂದೆ. ವಿಳಾಸಕ್ಕ ಒಂದು ಬಾಲ ಅಂತ ತಿಳೀರಿ. ಬ್ಯಾಡಾದ ಪತ್ರ ಬಂದ್ರ ಯಾವ ಕಡೆಯಿಂದ ಬಂತು ಅಂತ ತಿಳೀತೈತಿ, ತಡೀಬಹುದು.”

ಕಾಕಾ ಗಡ್ಡ ಕೆರಕೊಂಡು ಜರಾ ವಿಚಾರ ಮಾಡಿದ್ರು. “ಬಾಲ ಅಂದ್ರ ಅಡ್ಡಿ ಇಲ್ಲ. ನಮ್ಮ ಎತ್ತಿಗೂ ಐತಿ. ನೊಣ ಹೊಡ್ಯಾಕ ಬೇಕಾಗತೈತಿ. ಹಚ್ಚವಾ, ಉದ್ದಂದ ನೋಡಿ ಹಚ್ಚು.”

ನಾ ಅರ್ಧ ತಾಸು ಹೇಳಿ ತಿಳಿಸೂದನ್ನ ಅವರು ಒಂದ ಮಾತಿನ್ಯಾಗ ಮುಗಿಸಿದ್ರು.

೪. ತಪ್ಪು ಮತ್ತು ಸರಿ

ರಿಟಾಯರ್ ಆದ ಹೆಡ್ ಮಾಸ್ತರ್ರು ಒಬ್ಬರು ಪಿಂಚಣಿ ಸಲುವಾಗಿ ‘ಇನ್ನೂ ಬದುಕೀನಿ’ ಅನ್ನೂ ಅರ್ಜಿ ತುಂಬಾಕ ಬಂದ್ರು. ಅಂಗಡಿ ಬೋರ್ಡಿನ್ಯಾಗ ಎರಡು ತಪ್ಪು ತಗದ್ರು, ಗ್ವಾಡಿ ಕ್ಯಾಲೆಂಡರಿನ್ಯಾಗ ಒಂದು. ನನ್ನ ಮಾತಿನ್ಯಾಗ ತಗದದ್ದಕ್ಕ ಲೆಕ್ಕ ಇಲ್ಲ. ನಾ ಹಲ್ಲು ಕಚ್ಚಿ ಅವರ ಬಾಲ ‘ತಪ್ಪು’ ಅಂತ ಇಟ್ಟೆ. ಪ್ರಿಂಟ್ ಅವರ ಕೈಗೆ ಹೋದ ಮ್ಯಾಲ ಹೊಳೀತು, ಈ ಮನಷ್ಯಾ ಓದಲಾರದ ಬಿಡೂ ಪೈಕಿ ಅಲ್ಲ ಅಂತ.

“ಇಲ್ಲಿ ತಪ್ಪು ಅಂತ ಬರದೀಯಲ್ಲವಾ?”

“ಅದು ಕಂಪ್ಯೂಟರ್ ತಾನ ಬರೀತೈತ್ರಿ ಸರ್.”

“ಯಾರರ ಬರೀಲಿ. ತಪ್ಪು ಇದ್ರ ತಿದ್ದಬೇಕು, ಅಚ್ಚು ಹಾಕಬಾರ್ದು” ಅಂತ ಕಿಸೆದಾಗಿನ ಕೆಂಪ ಪೆನ್ನು ತಗದು, ತಪ್ಪು ಅನ್ನೂದನ್ನ ಹೊಡದು ಹಾಕಿ, ಅದರ ಮ್ಯಾಲ ಇಂಗ್ಲಿಷಿನ್ಯಾಗ ‘ಸರಿ’ ಅಂತ ದುಂಡಗ ಬರದು, ಕಚೇರಿಗೆ ಕೊಟ್ಟು ಬಂದ್ರು. ಅಲ್ಲಿಯವರು ಕೆಂಪ ಶಾಯಿ ನೋಡಿ ಹೆದರಿ ಹಂಗ ಒತ್ತಿದ್ರು.

ಬಾಲ ಏನರ ಇರ್ಲಿ, ಪತ್ರ ನನ್ನ ಪೆಟ್ಟಿಗೀಗೇ ಬರಬೇಕು. ಆದ್ರ ಒಂದು ವಾರ ಹೋತು, ಎರಡು ವಾರ ಹೋತು, ಸುದ್ದಿ ಇಲ್ಲ. ಮಾಸ್ತರ್ರು ದಿನಾ ಮುಂಜಾನೆ ಬಂದು ಕೇಳೂದು: “ನಾ ಬದುಕೀನೋ ಇಲ್ಲೋ? ಏನಂತಾರವಾ?” ಎದುರಿಗೆ ಕುಂತಾರ, ಚಹಾ ಕುಡ್ಯಾಕ ಹತ್ಯಾರ, ಆದ್ರ ಕಾಗದ ಇಲ್ಲ.

ಕಡೀಕ ಒಂದು ದಿನ ಥಟ್ಟನ ನೆನಪಾತು. ಇಂಗ್ಲಿಷಿನ್ಯಾಗ ‘ಸರಿ’ ಬರೀರಿ, ಎಸ್, ಎ, ಆರ್, ಐ. ಸೀರಿನೂ ಅದ! ಕಸದ ಬುಟ್ಟಿ ತಗದು ನೋಡಿದ್ರ, ನಲವತ್ತು ಟ್ರ್ಯಾಕ್ಟರಿನ ನಡುವ ಮಾಸ್ತರ್ರು ಗಟ್ಟಿಮುಟ್ಟಾಗಿ ಬದುಕಿದ್ರು.

ನಾ ಸುರುವಿಂದ ಕಡೀತನಕ ಬಿಡಿಸಿ ಹೇಳಿ, ‘ತಪ್ಪು’ ಬಾಲ ಇಟ್ಟದ್ದಕ್ಕ ತಪ್ಪಾತು ಅಂದೆ. ಅವರು ಬೈಲಿಲ್ಲ. ಚಷ್ಮಾ ತಗದು ಧೋತರದ ಚುಂಗಿನಿಂದ ಒರಸಿಕೊಂಡ್ರು.

“ಅಂದ್ರ ನೀ ಬರದ ತಪ್ಪು ನೆಟ್ಟಗ ಬಂದು ಮುಟ್ಟತಿತ್ತು. ನಾ ಬರದ ಸರಿ ಕಸದ ಬುಟ್ಟಿಗೆ ಹೋತು. ಹಂಗಾದ್ರ ಮೂವತ್ತು ವರ್ಷ ನಾ ಕಲಿಸಿದ್ದೇನವಾ?”

೫. ಮೌಳಂಗಿಯ ಮೊಸಳಿ

ದಾಂಡೇಲಿಯಿಂದ ಮೌಳಂಗಿಗೆ ಹೋಗೂ ಹಾದ್ಯಾಗ, ಮೊಸಳಿ ಇರೂ ಹೊಳಿ ದಂಡಿಗೆ, ಪರಿಚಯದವರ ಹೋಂಸ್ಟೇ ಐತಿ. ಅವರಿಗೂ ನಾನ ಬಾಲದ ವಿದ್ಯಾ ಕಲಿಸಿದೆ. ರೂಮ್ ಬುಕ್ ಮಾಡಿಸೂ ಕಂಪನಿಗೊಂದೊಂದು ಬಾಲ ಇಟ್ರು. ಅದರಾಗ ಒಂದು ಕಂಪನಿ ಕಮಿಷನ್ ಭಾಳ ಕಡೀತಿತ್ತು, ಆ ಸಿಟ್ಟಿಗೆ ಅದರ ಬಾಲ ‘ಮೊಸಳೆ’.

ಒಂದು ದಿನ ಬೆಂಗಳೂರಿನ ಹೆಣ್ಣಮಗಳೊಬ್ಬಾಕಿ ಫೋನ್ ಮಾಡಿದ್ಳು. “ಸರ್, ನಿಮ್ಮ ಮೇಲ್‌ನಲ್ಲಿ ಮೊಸಳೆ ಅಂತಿದೆಯಲ್ಲ, ಅದು ರೂಮ್ ಹೆಸರಾ? ಕಿಟಕಿಯಿಂದ ಮೊಸಳೆ ಕಾಣಿಸುತ್ತಾ?”

“ನಿಮಗ ಕಾಣೂದಿಲ್ರೀ ಮೇಡಂ” ಅಂದ್ರಂತ ಇವರು. “ನೀವು ಬುಕ್ ಮಾಡಿದ ಕೂಡಲೇ ನನ್ನ ಅರ್ಧ ನುಂಗಿ ನೀರಿಗಿಳದೈತಿ.”

ಮೇಡಂ ಹೆದರಿ ಹೊಳಿ ಕಡೆ ಕಿಟಕಿ ಇಲ್ಲದ ರೂಮ್ ಕೊಡ್ರಿ ಅಂದ್ಳಂತ.

೬. ಕಾಟ

ಇಷ್ಟೆಲ್ಲಾ ಆಗೂದ್ರಾಗ ಸಂತಿ ದಿನದ ಬಾಯಿ ಬರೂದು ತಪ್ಪಿರಲಿಲ್ಲ. ಮಾಸ್ತರ್ ಸುದ್ದಿ ಕೇಳಿದ ಮ್ಯಾಲ ಆಕಿ ಪ್ರಶ್ನೆ ಉದ್ದಾತು. “ಬಂತೇನ್ರಿ ಅಕ್ಕಾರ ನನ್ನ ಪತ್ರ? ಕಸದ ಬುಟ್ಟಿನೂ ಝಾಡಿಸಿ ನೋಡ್ರಿ.” ನಾ ಝಾಡಿಸತಿದ್ದೆ. ಇಲ್ಲ ಅಂದಾಗ ಆಕಿ ಮಾರಿ ಸಣ್ಣದಾಗೂದು ನೋಡಿ ಮತ್ತೊಮ್ಮೆ ಝಾಡಿಸತಿದ್ದೆ.

ಒಂದು ಸಂತಿ ದಿನ ಆಕಿ ಓಡಿಕೋತನ ಬಂದ್ಳು. ಬಸ್ಸಿನ್ಯಾಗ ಮತ್ತೊಬ್ಬಾಕಿ ಭೆಟ್ಟಿ ಆಗಿದ್ಳಂತ, ಅದ ಕೆಲಸಕ್ಕ ಅರ್ಜಿ ಹಾಕಿದಾಕಿ. ಆಕಿಗೆ ಪತ್ರ ಬಂದು ಎಂಟು ದಿನ ಆಗಿತ್ತು. ಸಂದರ್ಶನ ನಾಳೆ ಮುಂಜಾನೆ ಮುಂಡಗೋಡದಾಗ. ಪತ್ರದ ಪ್ರಿಂಟ್ ಇಲ್ಲದವರನ್ನ ಒಳಗ ಬಿಡೂದಿಲ್ಲ.

ಪೆಟ್ಟಿಗಿ ನೋಡಿದೆ. ಕಸದ ಬುಟ್ಟಿ ನೋಡಿದೆ. ಎಲ್ಲೂ ಇಲ್ಲ. ಹೊತ್ತು ಹನ್ನೆರಡೂವರಿ ಆಗಿತ್ತು. ಶಾಲಿ ಕಚೇರಿಗೆ ಫೋನ್ ಹಚ್ಚಿದೆ, ಪುಣ್ಯಾಕ್ಕ ಒಬ್ಬ ಕ್ಲಾರ್ಕ್ ಎತ್ತಿದ.

“ಕಳಿಸೀವ್ರಿ ಮೇಡಂ. ಆದ್ರ ಅಂಥಾ ವಿಳಾಸ ಇಲ್ಲ ಅಂತ ವಾಪಸ್ ಬಂದೈತಿ.”

“ಯಾವ ವಿಳಾಸಕ್ಕ ಕಳಿಸೀರಿ, ಓದ್ರಿ ಜರಾ.”

ಅವ ಮೊದಲ ನಮ್ಮ ಅಂಗಡಿ ಹೆಸರು ಓದಿದ. ಬರೋಬರಿ ಐತಿ. ಆಮ್ಯಾಲ, “ಕೆ, ಎಚ್, ಯು, ಆರ್, ಐ, ಎಸ್” ಅಂದ. ಆಮ್ಯಾಲ, “ಕೆ, ಎ, ಎ, ಟಿ, ಎ. ಎಲ್ಲಾ ಕೂಡಿಸಿ ಬರದೈತ್ರಿ.”

ನಾ ಆಕಿ ಕಡೆ ತಿರುಗಿದೆ. ಆಕಿ ಹಣಿ ಹಣಿ ಬಡಕೊಂಡ್ಳು. “ಅಯ್ಯೋ ಅಕ್ಕಾರ! ಹಿಂದಕ ಒಬ್ಬ ಸರ್ ಫೋನ್ ಮಾಡಿದ್ರರಿ. ನಾ ಅಣಶಿ ಕಡೆ ನಮ್ಮಕ್ಕನ ಮನಿಗೆ ಹೋಗಿದ್ದೆ. ಅಲ್ಲಿ ದಿಬ್ಬ ಹತ್ತಿ ನಿಂತ್ರ ಅಷ್ಟ ಫೋನ್ ಹತ್ತತೈತಿ. ‘ನಿಮ್ಮ ಮೇಲ್ ವಿಳಾಸದ ನಡುವ ಜಾಗಾ ಖಾಲಿ ಬಿದ್ದೈತಿ, ಅಲ್ಲೇನಿತ್ತು’ ಅಂತ ಕೇಳಿದ್ರು. ಖುರಿಸ್ ಐತ್ರಿ ಅಂದೆ.”

ಅವರ ಕಂಪ್ಯೂಟರ್ ಪ್ಲಸ್ ಚಿಹ್ನೆ ತಿಂದು ಹಾಕಿತ್ತು. ಕ್ಲಾರ್ಕ್ ಪಾಪ, ಕೇಳಿದ್ದನ್ನ ಒಂದಕ್ಷರ ಬಿಡದ ಒತ್ತಿದ್ದ.

“ಅದನ್ನ ತಿದ್ರಿ ಸರ್, ಕೈ ಮುಗೀತೇನಿ” ಅಂದೆ.

“ತಿದ್ದಾಕ ಬರೂದಿಲ್ರೀ, ವಿಳಾಸ ಬದಲಿ ಮಾಡೂದು ಮುಚ್ಚಿಬಿಟ್ಟಾರ. ಅದ ವಿಳಾಸಕ್ಕ ಮತ್ತೊಮ್ಮೆ ಬೇಕಾದ್ರ ಕಳಸ್ತೇನಿ. ಹೇಳ್ರಿ ಲಗೂನ, ಒಂದಕ್ಕ ನಾ ಊಟಕ್ಕ ಏಳಾಂವ. ಆಮ್ಯಾಲ ಇವತ್ತ ಸಿಗೂದಿಲ್ಲ.”

ಇಲ್ಲದ ವಿಳಾಸಕ್ಕ ಮತ್ತೊಮ್ಮೆ ಕಳಿಸಿದ್ರ ಮತ್ತೊಮ್ಮೆ ವಾಪಸ್ ಹೋಗತೈತಿ ಅಷ್ಟ. ನಾ ಫೋನ್ ಕಿವಿಗೆ ಹಿಡಕೊಂಡು ಮಂಗ್ಯಾನಂಗ ಕುಂತೆ. ಊರಿಗೆಲ್ಲಾ ಬಾಲ ಹಚ್ಚಿದಾಕಿಗೆ ಒಂದ ಒಂದು ಉಪಾಯ ಹೊಳೀಲಿಲ್ಲ. ಒಬ್ಬಾಕಿ ಬದುಕು ನನ್ನ ಶಾಣ್ಯಾತನದಾಗ ಸಿಕ್ಕೊಂಡು ಸಾಯಾಕ ಹತ್ತಿತ್ತು. ಕಣ್ಣಾಗ ನೀರು ಬಂದ್ವು.

ಆವಾಗ ಆಕಿ ನನ್ನ ಭುಜ ಮುಟ್ಟಿ ಮೆಲ್ಲಕ ಕೇಳಿದ್ಳು: “ಅಕ್ಕಾರ, ಪತ್ರ ಬರೂ ಮನಿ ಇಲ್ಲ ಅಂತ ವಾಪಸ್ ಹೋಗೂದಲ್ರೀ? ಹಂಗಾದ್ರ ಆ ಹೆಸರಿಲೆ ಈಗ ಒಂದು ಮನಿ ಕಟ್ಟಿಬಿಡೂಣಲ್ರೀ?”

ನಾ ಆಕಿ ಮಾರಿ ನೋಡಿದೆ. ಆಕಿ ನನ್ನ ಮಾರಿ ನೋಡಿದ್ಳು. ಖರೇ ಅಲ್ಲ! ಅಂಥಾ ಹೆಸರು ಈ ಭೂಮಿ ಮ್ಯಾಲ ಯಾರೂ ತಗೊಂಡಿರೂದಿಲ್ಲ. ಹೊಸಾ ಮೇಲ್ ಅಂತ ಒತ್ತಿದೆ. ಅಂಗಡಿ ಹೆಸರು ಬರದೆ. ಖುರಿಸ್ ಬರದೆ. ಕೆ ಒತ್ತಿದೆ. ಮುಂದ ಬೆರಳು ಏಳಲಿಲ್ಲ. ಆಕಿ ಎದುರಿಗೇ, ಆಕಿ ಕಣ್ಣ ಮುಂದ, ಆಕಿಗಿಟ್ಟ ಆ ಹೆಸರನ್ನ ಹೆಂಗ ಒತ್ಲಿ?

“ಎ, ಎ, ಟಿ, ಎ” ಅಂದ್ಳು ಆಕಿ. “ಒತ್ರಿ ಅಕ್ಕಾರ, ಅವ ಊಟಕ್ಕ ಏಳ್ತಾನ.”

“ನಿನಗ ಗೊತ್ತಿತ್ತೇನವಾ?”

“ಮೊದಲ ದಿನಾನ ಓದಿದ್ನಿ. ಅವತ್ತ ಕಾಟ ಕೊಟ್ಟಿದ್ದು ಖರೇನ ಅಲ್ರೀ? ಆಮ್ಯಾಲ ನಾಚೂದು ಇರ್ಲಿ, ಈಗ ಒತ್ರಿ.”

ಒತ್ತಿದೆ. ಹೆಸರು ಖಾಲಿ ಇತ್ತು. ಆಕಿ ಫೋನಿಗೆ ಓಟಿಪಿ ನಂಬರ್ ಬಂತು, ಹಾಕಿದೆ, ಮನಿ ತಯಾರಾತು. “ಕಳಿಸ್ರಿ ಸರ್!” ಅಂತ ಇಬ್ಬರೂ ಕೂಡಿ ಫೋನಿನ್ಯಾಗ ಒದರಿದಿವಿ. ಕುಂತು ಪರದೆ ನೋಡಿದಿವಿ. ಖಾಲಿ. ಇನ್ನೂ ಖಾಲಿ. ಆಕಿ ಕಣ್ಣ ಮುಚ್ಚಿ ಕೊಂಕಣಿಯೊಳಗ ಏನೋ ಬೇಡಿಕೊಳ್ಳಾಕ ಹತ್ತಿದ್ಳು, ನಾ ಓಂ ನಮಃ ಶಿವಾಯ ಅನ್ನಾಕ ಹತ್ತಿದೆ. ಒಂದಕ್ಕ ಎರಡು ನಿಮಿಷ ಇರೂ ಮುಂದ ಪತ್ರ ಬಂತು.

ನಾ ಹಾರಿ ಎದ್ದು ಆಕಿನ್ನ ಅಪ್ಪಿಕೊಂಡೆ. ಪಾಳೇದಾಗ ನಿಂತವರು ಏನಾತೋ ಅಂತ ಬಾಯಿ ತಕ್ಕೊಂಡು ನೋಡಿದ್ರು. ಪ್ರಿಂಟ್ ಒಂದಲ್ಲ, ನಾಕ ತಗದು ಕೊಟ್ಟೆ.

ಕೆಲಸ ಆಕಿಗೇ ಆತು. ಎರಡು ತಿಂಗಳ ಮ್ಯಾಲ ಒಂದು ಸಂತಿ ದಿನ ಇಸ್ತ್ರಿ ಮಾಡಿದ ಸೀರಿ ಉಟ್ಕೊಂಡು, ಪೇಢೆ ತಗೊಂಡು ಬಂದ್ಳು. ಕೊರಳಾಗ ಶಾಲಿಯ ಗುರುತಿನ ಚೀಟಿ ಜೋತಾಡತಿತ್ತು. ಹಿಡಿದು ನೋಡಿದೆ. ಆಕಿ ಹೆಸರು, ಅದರ ಮುಂದ ದಪ್ಪಕ್ಷರದಾಗ ‘ಕಾಟ’.

“ಇದೇನವಾ ಇದು!”

“ಸಂದರ್ಶನದಾಗ ಅವರು ಮೇಲ್ ವಿಳಾಸ ಓದಿ, ‘ಏನಮ್ಮಾ ಇದು ಕಾಟ?’ ಅಂತ ಕೇಳಿದ್ರರಿ. ಖರೇ ಹೇಳಿದ್ರ ನಿಮ್ಮ ಮರ್ಯಾದಿ ಹೋಗತೈತಿ. ಉಳ್ಳಾಗಡ್ಡಿ ಕಾಕಾನ ನೆನಪಾತು. ನಮ್ಮ ಅಡ್ಡಹೆಸರ್ರಿ ಸರ್ ಅಂದುಬಿಟ್ಟೆ. ಹಂಗ ಚೀಟಿ ಮ್ಯಾಲ ಅಚ್ಚು ಹಾಕ್ಯಾರ.”

ನನ್ನ ಮಾರಿ ಎಲ್ಲಿ ಇಟ್ಕೊಳ್ಲಿ ಅನ್ನೂದು ತಿಳೀಲಿಲ್ಲ. “ತಡಿ ತಂಗಿ, ಇವತ್ತ ಅರ್ಜಿ ಬರದು ತಿದ್ದಿಸೂಣು” ಅಂತ ಕುರ್ಚಿ ಎಳಕೊಂಡೆ.

ಆಕಿ ನನ್ನ ಕೈಯಾಗ ಒಂದು ಪೇಢೆ ಇಟ್ಟು ಅಂದ್ಳು: “ಬ್ಯಾಡ್ರಿ ಅಕ್ಕಾರ. ದಿನಾ ಮುಂಜಾನೆ ಐದಕ್ಕ ಎಬ್ಬಿಸಿ ಪಾಠ ಓದಸ್ತೇನಲ್ರೀ, ಹುಡುಗ್ಯಾರು ಅಡ್ಡಹೆಸರು ಅಗದೀ ಬರೋಬರಿ ಐತಿ ಅಂತಾರ.”